ತಿದ್ದದೆ ಉಳಿದ ಹದಿನೇಳು ಅಕಾರ

ರೇಷ್ಮೆ ಹುಳುವಿಗೆ ಕಾಯಿಲೆ ಬಂದರೆ ಅದು ಕಣ್ಣಿಗೆ ಕಾಣುವ ಒಂದು ದಿನ ಮೊದಲೇ ಕಿವಿಗೆ ಕೇಳುತ್ತದೆ. ಇದು ಗೊತ್ತಾದ ಮೇಲೆ ರೇಷ್ಮೆ ಸೀಮೆಯಲ್ಲೆಲ್ಲ ಆಲಿಕೆ ಕೇಂದ್ರಗಳು ಹುಟ್ಟಿಕೊಂಡವು. ಮಳವಳ್ಳಿ ದಾಟಿ ಎಂಟು ಮೈಲಿ ಒಳಗಿದ್ದ ಕೇಂದ್ರವೂ ಅಂಥದ್ದೇ. ಹುಳು ಸಾಕುವ ಪ್ರತಿ ತಟ್ಟೆಯ ಅಂಚಿಗೂ ಕೂದಲಿನಷ್ಟು ಸಣ್ಣ ಮೈಕುಗಳನ್ನು ಅಂಟಿಸಿದ್ದರು. ಆರೋಗ್ಯವಾಗಿರುವ ಹುಳುಗಳು ಸೊಪ್ಪು ಮೇಯುವ ಸದ್ದು ಸೋನೆ ಮಳೆಯ ಹಾಗಿರುತ್ತದೆ. ಕಾಯಿಲೆಯವು ತಡೆದು ತಡೆದು ಕಚ್ಚುತ್ತವೆ. ಆ ತಡೆಯನ್ನು ಸಕಾಲಕ್ಕೆ ಹಿಡಿದರೆ ಒಂದು ತಟ್ಟೆಯನ್ನು ಆಚೆ ಹಾಕಿ ಉಳಿದದ್ದನ್ನೆಲ್ಲ ಉಳಿಸಿಕೊಳ್ಳಬಹುದು.

ಈ ಕೇಂದ್ರವನ್ನು ಇಬ್ಬರಿಗಾಗಿ ಕಟ್ಟಿದ್ದರು, ಒಬ್ಬ ತಂತ್ರಜ್ಞ, ಹುಳುವಿನ ಸದ್ದು ಆಲಿಸುವ ಒಬ್ಬ ಆಲಿಗ. ತಂತ್ರಜ್ಞರು ರೇಣುಕಾರಾಧ್ಯರು. ಆಲಿಸುವ ಕೆಲಸದಲ್ಲಿದ್ದವಳು ಅವರ ಹೆಂಡತಿ ಹೊನ್ನಮ್ಮ. ಹುಳು ಸಾಕುವವರ ಮನೆಯಲ್ಲೇ ಹುಟ್ಟಿ ಬೆಳೆದವಳು; ಆಗಿನ ಯಂತ್ರಗಳಿಗೆ ಕೇಳದ್ದು ಅವಳಿಗೆ ಕೇಳುತ್ತಿತ್ತು. ಹುಳುಮನೆಯಲ್ಲಿ ತಟ್ಟೆಯ ಹತ್ತಿರ ಕಿವಿಯಿಟ್ಟು, ಕೇಳಿಸಿದ್ದನ್ನು ಪಕ್ಕದ ಕೋಣೆಯ ಮೂಲೆಯಲ್ಲಿದ್ದ ಕಂಪ್ಯೂಟರಿನ ಮೈಕಿಗೆ ಹೇಳುವುದು ಅವಳ ಕೆಲಸ. ಅದು ಅವಳ ಧ್ವನಿಯನ್ನು ತುಂಬಿಟ್ಟುಕೊಂಡು, ಕೇಳಿಸಿದ ಹಾಗೇ ಅಕ್ಷರಕ್ಕಿಳಿಸುತ್ತಿತ್ತು. ಹನ್ನೊಂದು ವರ್ಷ ಹೀಗೆ ಹೇಳಿದಳು. ಮೂರು ವರ್ಷದ ಹಿಂದೆ ಮಿದುಳಿಗೇರಿದ ಒಂದು ಜ್ವರದಲ್ಲಿ ನಾಲ್ಕೇ ದಿನಕ್ಕೆ ಹೋಗಿಬಿಟ್ಟಳು. ಅವಳ ಜಾಗಕ್ಕೆ ಯಾರನ್ನೂ ಹಾಕಲಿಲ್ಲ, ಅಷ್ಟು ಹೊತ್ತಿಗೆ ಯಂತ್ರಗಳೇ ಆಲಿಸುವುದನ್ನು ಕಲಿತಿದ್ದವು.

ಆರಾಧ್ಯರಿಗೆ ಉಳಿದದ್ದು ಆ ದಿನಚರಿ. ಹೊನ್ನಮ್ಮ ಕಾಗದ ಬರೆದವಳಲ್ಲ, ಫೋಟೋ ಎಂದರೆ ಮುಖ ತಿರುಗಿಸುತ್ತಿದ್ದಳು. ಹಾಗಾಗಿ ದಿನಾ ಮಧ್ಯಾಹ್ನ ಊಟಕ್ಕೆ ಮುಂಚೆ ಕಂಪ್ಯೂಟರಿನ ಮುಂದೆ ಕುಳಿತು ಅವಳ ದಿನಚರಿಯಲ್ಲಿ ಒಂದು ಪುಟ ಓದುವುದನ್ನು ಅಭ್ಯಾಸ ಮಾಡಿಕೊಂಡಿದ್ದರು. ಓದುವುದಷ್ಟೇ. ಧ್ವನಿಯನ್ನು ಹಾಕಿ ಕೇಳುವ ಧೈರ್ಯ ಅವರಿಗೆ ಬಂದಿರಲಿಲ್ಲ.

ಸೋಮವಾರ ಬೆಳಿಗ್ಗೆ ಕೇಂದ್ರ ಕಚೇರಿಯಿಂದ ಫೌಜಿಯಾ ಎಂಬ ಎಂಜಿನಿಯರು ಹೊಸ ಲ್ಯಾಪ್‌ಟಾಪ್ ತಂದಳು. ರಾಮನಗರದ ಹುಡುಗಿ, ರೇಷ್ಮೆ ಗೂಡಿನ ಮಾರುಕಟ್ಟೆಯ ಹಿಂದಿನ ಬೀದಿಯವಳು. ಹೆಗಲಿನ ಚೀಲದಿಂದ ಅದನ್ನು ತೆಗೆದು ಮೇಜಿನ ಮೇಲಿಟ್ಟಾಗ ಆರಾಧ್ಯರು ಚೀಲದೊಳಗೆ ಇನ್ನೇನಾದರೂ ಇದೆಯೇ ಎಂದು ಇಣುಕಿದರು.

"ಇಷ್ಟೇನಾ?"

"ಇಷ್ಟೇ ಸರ್."

ಸ್ಲೇಟಿಗಿಂತ ಸ್ವಲ್ಪ ದಪ್ಪ. ಪಕ್ಕದಲ್ಲಿ ಹಳೆಯ ಪೆಟ್ಟಿಗೆ ಮೊಣಕಾಲೆತ್ತರಕ್ಕೆ ನಿಂತು, ಒಳಗಿನ ಫ್ಯಾನನ್ನು ಬೀಸುಕಲ್ಲಿನ ಹಾಗೆ ಗೊರಗೊರ ತಿರುಗಿಸುತ್ತಿತ್ತು. ಒಂದು ತಟ್ಟೆಯ ಸದ್ದನ್ನು ಅಳೆಯಲು ಅದಕ್ಕೆ ನಲವತ್ತು ನಿಮಿಷ ಬೇಕಿತ್ತು. ಫೌಜಿಯಾ ಅದೇ ತಟ್ಟೆಯ ಸದ್ದನ್ನು ಹೊಸದಕ್ಕೆ ಕೊಟ್ಟಳು. ಆರಾಧ್ಯರು ಕುರ್ಚಿ ಎಳೆದುಕೊಂಡು ಕೂರುವಷ್ಟರಲ್ಲಿ ಉತ್ತರ ಬಂದಿತ್ತು.

"ಇದಕ್ಕೆ ಫ್ಯಾನೇ ಇಲ್ವೇನಮ್ಮ?"

"ಇಲ್ಲ ಸರ್."

"ಹಾಗಾದ್ರೆ ಕೆಲಸ ಮಾಡ್ತಾ ಇದೆ ಅಂತ ಹೇಗೆ ಗೊತ್ತಾಗೋದು?"

"ಮುಗ್ದಿರುತ್ತೆ ಸರ್. ಅದ್ರಲ್ಲೇ ಗೊತ್ತಾಗೋದು."

ಅವಳು ಒಂದು ನಮೂನೆಯನ್ನೂ ಕೊಟ್ಟಳು. ಅದಕ್ಕೆ 'ಪ್ರಥಮ ಅನಿಸಿಕೆ' ಎಂದು ಹೆಸರು. ಹೊಸ ಯಂತ್ರವನ್ನು ನಾಲ್ಕು ದಿನ ಬಳಸಿ, ತೂಕ, ವೇಗ, ಬಿಸಿ, ಸದ್ದು, ದೋಷ ಎಂದಿದ್ದ ಕಡೆಯಲ್ಲೆಲ್ಲ ತಮಗೆ ಅನಿಸಿದ್ದನ್ನು ತುಂಬಿ ಕಳಿಸಬೇಕು. ಶುಕ್ರವಾರ ಬಂದು ಹಳೆಯ ಪೆಟ್ಟಿಗೆಯನ್ನು ಒಯ್ಯುತ್ತಾರೆ.

"ನಮ್ಮನೆಯವಳ ದಿನಚರಿ?"

"ಅದನ್ನೂ ಇದಕ್ಕೆ ಹಾಕ್ತೀನಿ ಸರ್. ಹಳೇದು ಕೇಳ್ಸಿದ್ದನ್ನ ಹಂಗಂಗೇ ಬರೀತಿತ್ತು. ಇದು ಧ್ವನಿಯನ್ನ ಹೊಸದಾಗಿ ಕೇಳಿ ಶುದ್ಧ ಪಾಠ ಬರ್ಕೊಡುತ್ತೆ. ನೀವು ನೋಡಿ, ಸರಿಯಿದೆ ಅಂತ ಸಹಿ ಹಾಕಿದ ಮೇಲೆ ಹಳೇ ಧ್ವನಿ ಅಳಿಸ್ಬಿಡ್ತೀವಿ. ಶುದ್ಧ ಪಾಠ ಮಾತ್ರ ಉಳಿಯುತ್ತೆ."

"ಒಂದು ಮಾತೂ ತಪ್ಪಬಾರದು ಕಣಮ್ಮ," ಎಂದರು ಆರಾಧ್ಯರು. "ಅವಳದು ಅಂತ ನನ್ನ ಹತ್ರ ಇರೋದು ಅದೊಂದೇ."

ಫೌಜಿಯಾ ತಲೆಯಾಡಿಸಿದಳು. ಆರಾಧ್ಯರು ತುಸು ನಕ್ಕು, "ಆದರೆ ಅವಳಿಗೆ ಹಕಾರ ಬರ್ತಿರಲಿಲ್ಲ. ಹುಳಕ್ಕೆ ಉಳ, ಹಾಲಿಗೆ ಆಲು. ನಿನ್ನ ಯಂತ್ರಕ್ಕೆ ಅದು ತಿಳಿಯುತ್ತಾ?" ಎಂದರು.

"ನಮ್ಮಜ್ಜಿ ಹತ್ರ ಗೂಡು ಮಾರೋಕ್ ಬರೋರೆಲ್ಲ ಹಂಗೇ ಮಾತಾಡೋದು ಸರ್. ಹ ಅನ್ನಲ್ಲ ಅಂತ ನಮಗೆ ಅನ್ಸುತ್ತೆ ಅಷ್ಟೆ. ಹ ಇರೋ ಕಡೆ ಹೇಳೋಕ್ ಮುಂಚೆ ಗಂಟಲು ಒಂಚೂರು ತೆರ್ಕೊಳ್ಳುತ್ತೆ. ಆ ಉಸಿರು ನಮ್ ಕಿವೀಗೆ ಬೀಳಲ್ಲ, ಇದಕ್ಕೆ ಬೀಳುತ್ತೆ. ಉಸಿರಿದ್ರೆ ಹ ಅಂತ ಬರಿಯುತ್ತೆ, ಇಲ್ದಿದ್ರೆ ಅ."

ಅವಳು ಹೋಗುವ ಮುಂಚೆ ಹಳೆಯ ಪೆಟ್ಟಿಗೆಯ ಸ್ವಿಚ್ಚು ತೆಗೆದಳು. ಹದಿನಾಲ್ಕು ವರ್ಷದಿಂದ ಕೋಣೆಯಲ್ಲಿದ್ದ ಗೊರಗೊರ ನಿಂತಿತು. ಆರಾಧ್ಯರಿಗೆ ಯಾರೋ ಮಾತಿನ ನಡುವೆ ಎದ್ದು ಹೋದಂತಾಯಿತು. ಸ್ವಲ್ಪ ಹೊತ್ತಿಗೆ ಗೋಡೆಯಾಚೆಯ ಹುಳುಮನೆಯಿಂದ ಸೋನೆಯ ಸದ್ದು ತೆಳ್ಳಗೆ ಕೇಳಿಸಿತು. ಇಷ್ಟು ವರ್ಷ ಅದು ಈ ಕೋಣೆಗೆ ಕೇಳುತ್ತದೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ. ನಮೂನೆ ತೆಗೆದು, ತೂಕ ಎಂದಿದ್ದ ಕಡೆ "ಎರಡು ಸೇರು ಅಕ್ಕಿಗಿಂತ ಕಡಿಮೆ" ಎಂದು ಬರೆದರು. ಸದ್ದು ಎಂದಿದ್ದ ಕಡೆ "ಇಲ್ಲ. ಇದ್ದಿದ್ದರೆ ಚೆನ್ನಾಗಿತ್ತು" ಎಂದು ಬರೆದರು.

ಆರಾಧ್ಯರ ತಂದೆ ಮೈಸೂರಿನಲ್ಲಿ ಕನ್ನಡ ಪಂಡಿತರು. ಮಗನನ್ನು ಎದುರಿಗೆ ನಿಲ್ಲಿಸಿ, ಅಂಗೈಯನ್ನು ಬಾಯಿಗೆ ಅಡ್ಡ ಹಿಡಿಸಿ, ಹ ಎನ್ನುವಾಗ ಉಸಿರು ಕೈಗೆ ಬಡಿಯುವವರೆಗೂ ಬಿಡುತ್ತಿರಲಿಲ್ಲ. ಹೀಗೆ ಕಷ್ಟಪಟ್ಟು ಕಲಿತ ಹಕಾರದ ಮೇಲೆ ಆರಾಧ್ಯರಿಗೆ ಸ್ವಲ್ಪ ಜಂಬವಿತ್ತು. ಮದುವೆಯಾದ ಹೊಸದರಲ್ಲಿ ಹೊನ್ನಮ್ಮನ ಬಾಯಿಗೂ ಅವಳ ಅಂಗೈಯನ್ನೇ ಅಡ್ಡ ಹಿಡಿದು ಹೇಳಿಕೊಟ್ಟರು. ಅವಳು ಪ್ರಯತ್ನಪಟ್ಟಳು, ಬರಲಿಲ್ಲ, ಕೈ ಕೊಸರಿಕೊಂಡು ನಕ್ಕಳು. ಆಮೇಲೆ ಅದು ಮನೆಯ ತಮಾಷೆಯಾಯಿತು.

ಕೇಂದ್ರಕ್ಕೆ ಅಧಿಕಾರಿಗಳೋ ಕಾಲೇಜಿನವರೋ ಬಂದರೆ ಆರಾಧ್ಯರು ಮೊದಲು ತಟ್ಟೆ ತೋರಿಸುವರು, ಆಮೇಲೆ ಕಂಪ್ಯೂಟರು, ಕೊನೆಗೆ ಹೆಂಡತಿ. "ಇವಳ ಹೆಸರೇನು ಕೇಳಿ ನೋಡಿ," ಎನ್ನುವರು. ಬಂದವರು ಕೇಳುವರು. ಅವಳು ಸೆರಗಿನ ತುದಿ ಹಿಡಿದುಕೊಂಡು "ಒನ್ನಮ್ಮ" ಎನ್ನುವಳು. "ಒನ್ನಮ್ಮ ಅಲ್ಲಿ ಆಲು ಕಾಸ್ತಾ ಅವಳೆ, ಈಗ ಕಾಫಿ ಬರುತ್ತೆ," ಎಂದು ಆರಾಧ್ಯರು ಅವಳ ಧಾಟಿಯಲ್ಲೇ ಹೇಳುವರು. ಎಲ್ಲರೂ ನಗುವರು, ಅವಳೂ ನಗುವಳು. ಕೆಲವು ವರ್ಷದ ಮೇಲೆ ಅವಳು ಹಕಾರವನ್ನು ಹಟಕ್ಕೆ ಬಿದ್ದು ಕಲಿಯತೊಡಗಿದಳು. ಆಗ ಅದು ಬೇಡದ ಕಡೆಯೆಲ್ಲ ಬಂತು. ಒಮ್ಮೆ ಬೆಂಗಳೂರಿನಿಂದ ಬಂದಿದ್ದವರೆದುರು, "ಊಟ ಮಾಡ್ಕಂಡೇ ಹೋಗಿ, ಹಕ್ಕಿ ತೊಳ್ದಿಟ್ಟಿವ್ನಿ," ಎಂದುಬಿಟ್ಟಳು. ಆ ಹಕ್ಕಿಯನ್ನು ಆರಾಧ್ಯರು ಎಷ್ಟು ವರ್ಷ ಹಾರಿಸಿದರು ಎಂಬುದಕ್ಕೆ ಲೆಕ್ಕವಿಲ್ಲ. ಕ್ವಾರ್ಟರ್ಸಿನಲ್ಲಿ ಒಬ್ಬರೇ ಕುಳಿತು ಊಟ ಮಾಡುವಾಗ ಈಗಲೂ ಅದನ್ನು ನೆನೆಸಿಕೊಂಡು ನಗುತ್ತಿದ್ದರು. ನಗುನಗುತ್ತ ಬಾಳಿದೆವು ಎಂದು ಅವರಿಗೆ ಸಮಾಧಾನವಿತ್ತು. ಇಷ್ಟು ಒಂಟಿಯಾದ ಮೇಲೂ ಮನುಷ್ಯ ಅನ್ನ ತಿಂದು ಏಳುತ್ತಿದ್ದದ್ದು ಆ ಒಂದು ಸಮಾಧಾನದಿಂದಲೇ.

ಮಂಗಳವಾರ ಶುದ್ಧ ಪಾಠ ಸಿದ್ಧವಾಗಿತ್ತು. ಹನ್ನೊಂದು ವರ್ಷದ ಮಾತನ್ನು ಲ್ಯಾಪ್‌ಟಾಪ್ ಒಂದು ಮಧ್ಯಾಹ್ನದಲ್ಲಿ ಕೇಳಿ ಮುಗಿಸಿತ್ತು.

ಆರಾಧ್ಯರು ಓದಲು ಕುಳಿತರು. ಹಳೆಯದರಲ್ಲಿ "ಬರ್ಕಳಪ್ಪ, ಮೂರ್ನೇ ತಟ್ಟೇಲಿ ಉಳದ ಸದ್ದು ಕಮ್ಮಿಯಾಗದೆ, ನಾಳಿಕ್ಕೆ ಆಲುತೊಂಡೆ ರೋಗ ಕಾಣುಸ್ಕತದೆ ನೋಡು" ಎಂದಿದ್ದದ್ದು ಇಲ್ಲಿ "ಬರೆದುಕೊಳ್ಳಪ್ಪ, ಮೂರನೇ ತಟ್ಟೆಯಲ್ಲಿ ಹುಳದ ಸದ್ದು ಕಡಿಮೆಯಾಗಿದೆ, ನಾಳೆಗೆ ಹಾಲುತೊಂಡೆ ರೋಗ ಕಾಣಿಸಿಕೊಳ್ಳುತ್ತದೆ ನೋಡು" ಎಂದಾಗಿತ್ತು. ಹಕಾರಗಳೆಲ್ಲ ಸ್ವಸ್ಥಾನದಲ್ಲಿದ್ದವು. ಪಂಡಿತರಾದ ತಂದೆ ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದರು. ಆದರೆ ನಾಲ್ಕು ಪುಟ ಓದುವುದರೊಳಗೆ ಆರಾಧ್ಯರಿಗೆ ಕಸಿವಿಸಿಯಾಯಿತು. ಯಾರೋ ಪರಿಚಯವಿಲ್ಲದ ಟೀಚರಮ್ಮ ತಮ್ಮ ಮನೆಯ ವಿಷಯ ಹೇಳುತ್ತಿದ್ದ ಹಾಗಿತ್ತು. ಈ ಯಂತ್ರ ಎಲ್ಲಾದರೂ ಎಡವಲಿ ಎಂದು ಮನಸ್ಸಿನಲ್ಲೇ ಬಯಸಿದರು.

ಅದು ಎಡವಿದ ಜಾಗ ಮೊದಲ ವರ್ಷದ ಆರನೇ ತಿಂಗಳ ದಿನಚರಿಯಲ್ಲಿ ಸಿಕ್ಕಿತು. "ಬರೆದುಕೊಳ್ಳಪ್ಪ. ಎಲ್ಲ ತಟ್ಟೆಯೂ ಚೆನ್ನಾಗಿದೆ. ಅತ್ತಾಯ್ತು. ಇನ್ನು ಕೆಲಸ ನೋಡಬೇಕು."

ಹತ್ತಾಯ್ತು ಎಂಬುದನ್ನು ತಿದ್ದದೆ ಬಿಟ್ಟಿತ್ತು. ಹತ್ತು ಗಂಟೆಗೆ ಎರಡನೇ ಸಲ ಸೊಪ್ಪು ಹಾಕುವುದು ಕೇಂದ್ರದ ಕ್ರಮ. ಅವಳು ದಿನಾ "ಅತ್ತಾಯ್ತು" ಎಂದು ಹೇಳಿಯೇ ಮೈಕು ಕೆಳಗಿಡುತ್ತಿದ್ದಳು. ಹಳೆಯ ಪಾಠದಲ್ಲಿ ಆ ಮಾತನ್ನು ಆರಾಧ್ಯರು ಸಾವಿರ ಸಲವಾದರೂ ಓದಿದ್ದರು, ಓದುವಾಗಲೇ ಮನಸ್ಸಿನಲ್ಲಿ ಹಕಾರ ಸೇರಿಸಿಕೊಂಡಿದ್ದರು. ಹುಡುಕಿ ನೋಡಿದರು. ಸಾವಿರಾರು ಕಡೆ ಯಂತ್ರ ಅದನ್ನು ಹತ್ತಾಯ್ತು ಎಂದು ಸರಿ ಮಾಡಿತ್ತು. ಹದಿನೇಳು ಕಡೆ ಮಾತ್ರ ಅತ್ತಾಯ್ತು ಎಂದೇ ಉಳಿದಿತ್ತು.

ಅವರಿಗೆ ನಿಜವಾಗಿ ಖುಷಿಯಾಯಿತು. ನಮೂನೆಯ ದೋಷದ ಜಾಗದಲ್ಲಿ, "ಹದಿನೇಳು ಕಡೆ ಹಕಾರ ಬಿಟ್ಟುಹೋಗಿದೆ. ನನ್ನ ಹೆಂಡತಿಯ ಮಾತನ್ನು ಅರ್ಥ ಮಾಡಿಕೊಳ್ಳಲು ಈ ಯಂತ್ರಕ್ಕೆ ಇನ್ನೂ ಸ್ವಲ್ಪ ಕಾಲ ಬೇಕು. ನನಗೆ ಇಪ್ಪತ್ತು ವರ್ಷ ಬೇಕಾಯಿತು" ಎಂದು ಬರೆದು, ತಮ್ಮ ಮಾತಿಗೆ ತಾವೇ ತಲೆದೂಗಿ, ನಾಲ್ಕು ದಿನ ಕಾಯದೆ ಕಚೇರಿಗೆ ಕಳಿಸಿಬಿಟ್ಟರು. ಆ ಸಂಜೆ ಸಾರಿಗೆ ಒಗ್ಗರಣೆ ಹಾಕುವಾಗ ಏನೋ ಒಂದು ಹಾಡನ್ನೂ ಗುನುಗಿದರು.

ಬುಧವಾರ ಬೆಳಿಗ್ಗೆ ಆ ಹದಿನೇಳನ್ನು ಪಟ್ಟಿ ಮಾಡಿಡೋಣ ಎಂದು ಕುಳಿತರು. ಹೊಸ ಪಾಠದಲ್ಲಿ ಪ್ರತಿ ಮಾತಿನ ಪಕ್ಕದಲ್ಲೂ ಅವಳು ಹೇಳಿದ ಹೊತ್ತು ದಾಖಲಾಗಿತ್ತು. ಮೊದಲನೆಯದರ ಪಕ್ಕ ಮಧ್ಯಾಹ್ನ ಮೂರು ನಲವತ್ತು ಎಂದಿತ್ತು.

ಮೂರು ನಲವತ್ತಕ್ಕೆ ಹತ್ತು ಗಂಟೆ ಹೇಗಾಗುತ್ತದೆ? ಹತ್ತು ತಟ್ಟೆ ಆಯಿತು ಎಂದಿರಬೇಕು ಅಂದುಕೊಂಡು ಆಗ ಸಾಕುತ್ತಿದ್ದ ಹುಳುಬೆಳೆಯ ವಿವರ ತೆಗೆದರು. ಆ ಸಲ ತಟ್ಟೆ ಇದ್ದದ್ದೇ ಎಂಟು. ಎರಡನೆಯದನ್ನು ನೋಡಿದರು, ಸಂಜೆ ಐದು ಗಂಟೆ. ಮೂರನೆಯದು ನಾಲ್ಕೂಕಾಲು. ಹದಿನೇಳರಲ್ಲಿ ಒಂದೂ ಬೆಳಿಗ್ಗೆಯದಲ್ಲ.

ಲ್ಯಾಪ್‌ಟಾಪಿನಲ್ಲಿ ಉಸಿರಿನ ಗೆರೆ ತೋರಿಸುವ ಏರ್ಪಾಡು ಒಂದಿತ್ತು. ಬೆಳಿಗ್ಗೆ ಹತ್ತು ಗಂಟೆಯ "ಅತ್ತಾಯ್ತು" ಒಂದನ್ನು ಮುಟ್ಟಿದರು. ಅಕಾರಕ್ಕೆ ಮುಂಚೆ ಗೆರೆ ಸಣ್ಣಗೆ ಉಬ್ಬಿತ್ತು. ಜೀವಮಾನವಿಡೀ ಯಾರಿಗೂ ಕೇಳಿಸದ ಅವಳ ಹಕಾರ ಅದು. ಅವಳು ಹೇಳುತ್ತಲೇ ಇದ್ದಳು. ಆಮೇಲೆ ಆ ಹದಿನೇಳರಲ್ಲಿ ಮೊದಲನೆಯದನ್ನು ಮುಟ್ಟಿದರು. ಗೆರೆ ಚಪ್ಪಟೆಯಾಗಿತ್ತು. ಅಲ್ಲಿ ಹಕಾರವಿರಲಿಲ್ಲ. ಅವಳು ಹತ್ತು ಎಂದಿರಲೇ ಇಲ್ಲ.

ಮಾತು ಅಲ್ಲೇ ಇತ್ತು, ಸ್ವಚ್ಛ ಕನ್ನಡದಲ್ಲಿ. ಅತ್ತಾಯ್ತು. ಅಳುವುದು ಮುಗಿಯಿತು, ಇನ್ನು ಕೆಲಸ ನೋಡಬೇಕು. ಮೂರು ವರ್ಷದಿಂದ ಊಟಕ್ಕೆ ಮುಂಚೆ ಇದನ್ನು ಎಷ್ಟು ಸಲ ಓದಿ, ಹಕಾರ ಸೇರಿಸಿ, ಮುಗುಳ್ನಕ್ಕು, ಅನ್ನ ಬಡಿಸಿಕೊಂಡಿದ್ದೆ ಎಂದು ನೆನೆದು ಅವರಿಗೆ ತಮ್ಮ ಮೇಲೆಯೇ ಹೇಸಿಗೆಯಾಯಿತು.

ಯಾಕೆ ಅತ್ತಳು? ಬೇರೆ ಯಾವುದೋ ಕಾರಣಕ್ಕಿರಬಹುದು, ತವರಿನದೋ, ಮೈಗೆ ಹುಷಾರಿಲ್ಲದ್ದೋ. ಹಾಗೇ ಇರಲಿ ಎಂದು ಬೇಡಿಕೊಳ್ಳುತ್ತ ತಾರೀಕುಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡರು. ಜೂನ್ ಹದಿನಾಲ್ಕರ ತಾರೀಕು ನೋಡಿದಾಗ ಕೈ ನಿಂತಿತು. ಅಂದೇ ಬೆಂಗಳೂರಿನವರು ಬಂದದ್ದು, ಹಕ್ಕಿಯ ದಿನ. ಎದ್ದು ಹೋಗಿ ಬೀರುವಿನಿಂದ ಭೇಟಿ ಪುಸ್ತಕ ತಂದರು. ಕೇಂದ್ರ ನೋಡಲು ಬಂದವರೆಲ್ಲ ತಾರೀಕು ಹಾಕಿ ಎರಡು ಸಾಲು ಬರೆದು ಹೋಗುವ ಪುಸ್ತಕ ಅದು. ಚೀಟಿಯನ್ನು ಪಕ್ಕಕ್ಕಿಟ್ಟುಕೊಂಡು ಒಂದೊಂದೇ ಪುಟ ತಿರುಗಿಸಿದರು. ಹದಿನೇಳರಲ್ಲಿ ಹನ್ನೆರಡು ದಿನ ಪುಸ್ತಕದಲ್ಲಿ ಸಹಿಯಿತ್ತು. "ಅಚ್ಚುಕಟ್ಟಾದ ಕೇಂದ್ರ." "ಆರಾಧ್ಯರ ಹಾಸ್ಯಪ್ರಜ್ಞೆ ಮೆಚ್ಚತಕ್ಕದ್ದು." "ದಂಪತಿಗಳ ಸರಸ ನೋಡಿ ಸಂತೋಷವಾಯಿತು." ಉಳಿದ ಐದು ದಿನ ಯಾರೂ ಬಂದಿರಲಿಲ್ಲ. ಯಾರೂ ಬರದಿದ್ದರೂ ನಾನು ಮನೆಯಲ್ಲಿ ಇರುತ್ತಿದ್ದೆನಲ್ಲ ಎಂಬುದು ಆರಾಧ್ಯರಿಗೆ ಹೊಳೆಯಿತು.

ಬಂದವರನ್ನು ಕಳಿಸಿ, ಕಾಫಿ ಲೋಟ ತೊಳೆದಿಟ್ಟು, ಅವಳು ಈ ಕೋಣೆಗೆ ಬಂದು ಬಾಗಿಲು ಹಾಕಿಕೊಂಡಿರಬೇಕು. ಆಲಿಸಿದ್ದನ್ನು ಹೇಳುವ ಕೋಣೆಯ ಬಾಗಿಲನ್ನು ಯಾರೂ ತಟ್ಟುವಂತಿರಲಿಲ್ಲ. ಅತ್ತು ಮುಗಿದ ಮೇಲೆ ಅದನ್ನೊಂದು ಮಾತಿನಲ್ಲಿ ಹೇಳಿಕೊಳ್ಳಬೇಕು ಅನಿಸಿದೆ. ಎದುರಿಗೆ ಗೊರಗೊರ ಎನ್ನುತ್ತಿದ್ದ ಪೆಟ್ಟಿಗೆಯಿತ್ತು, ಹೇಳಿದಳು. ಹನ್ನೊಂದು ವರ್ಷದಲ್ಲಿ ಅವಳು ಅಂದದ್ದನ್ನು ಅಂದ ಹಾಗೇ ಬರೆದುಕೊಂಡದ್ದು ಅದೊಂದೇ.

ಆ ದಿನ ಆರಾಧ್ಯರು ಊಟಕ್ಕೆ ಹೋಗಲಿಲ್ಲ. ಬಹಳ ಹೊತ್ತಿನ ಮೇಲೆ, ಮೂರು ವರ್ಷದಲ್ಲಿ ಮೊದಲನೇ ಸಲ, ಧ್ವನಿಯನ್ನು ಹಾಕಿದರು. ಜೂನ್ ಹದಿನಾಲ್ಕು, ಮಧ್ಯಾಹ್ನ ನಾಲ್ಕು ಇಪ್ಪತ್ತು.

ಮೊದಲು ಹಳೆಯ ಫ್ಯಾನಿನ ಸದ್ದು ಬಂತು. ಅದರ ಹಿಂದೆ ಮೂಗು ಸೀಟಿದ ಸದ್ದು. ಆಮೇಲೆ ಹೊನ್ನಮ್ಮ, ಕೋಣೆಯಲ್ಲೇ ಇದ್ದ ಹಾಗೆ: "ಬರ್ಕಳಪ್ಪ. ಐದ್ನೇ ತಟ್ಟೆ ಚೆನ್ನಾಗದೆ. ಆರೂ ಚೆನ್ನಾಗದೆ. ಉಳ ಎಲ್ಲಾ ತಿಂತಾ ಅವೆ." ಸ್ವಲ್ಪ ಹೊತ್ತು ಏನೂ ಇಲ್ಲ. "ಅತ್ತಾಯ್ತು. ಇನ್ ಕೆಲ್ಸ ನೋಡ್ಬೇಕು."

ಕಿವಿ ನೆಟ್ಟಗಿದ್ದ ಯಾರಿಗಾದರೂ ಅರ್ಥವಾಗುತ್ತಿತ್ತು. ಉಸಿರಿನ ಗೆರೆ ಏನೂ ಬೇಕಿರಲಿಲ್ಲ. ಆರಾಧ್ಯರು ಲ್ಯಾಪ್‌ಟಾಪನ್ನು ಮುಚ್ಚಿ ಅದರ ಮೇಲೆ ಎರಡೂ ಕೈಯಿಟ್ಟುಕೊಂಡು ಕುಳಿತರು. ಅದು ಬೆಚ್ಚಗೂ ಆಗಿರಲಿಲ್ಲ. ಇಂಥ ಕಡೆ ಇನ್ನೊಬ್ಬ ಮನುಷ್ಯನಿದ್ದಿದ್ದರೆ ಎದುರಿಗೆ ಕೂತು ಬೈಸಿಕೊಳ್ಳಬಹುದಿತ್ತು. ಬೈಯಬೇಕಾದವಳು ಇರಲಿಲ್ಲ, ಇದ್ದಾಗಲೂ ಬೈದಿರಲಿಲ್ಲ.

ಗುರುವಾರ ಹತ್ತೂವರೆಗೆ ಫೌಜಿಯಾ ಫೋನು ಮಾಡಿದಳು.

"ಸರ್, ನಿಮ್ ನಮೂನೆ ಬಂತು. ಹದಿನೇಳು ಕಡೆ ಹಕಾರ ಬಿಟ್ಟೋಗಿದೆ ಅಂತ ಬರ್ದಿದ್ದೀರಿ. ಇಲ್ಲಿಂದ್ಲೇ ಒಂದೇ ಸಲಕ್ಕೆ ಎಲ್ಲಾ ಬದಲಾಯಿಸ್ಬಿಡ್ಲಾ? ನೀವು ಹೂಂ ಅಂದ್ರೆ ಸಾಕು, ಅದೇ ಸಹಿ ಅಂತ ತಗೊಂಡು ಹಳೇ ಧ್ವನಿ ಅಳಿಸ್ತೀನಿ."

ಹೂಂ ಎಂದರೆ ಮುಗಿದಿತ್ತು. ಹದಿನೇಳು ಕಡೆಯೂ ಹಕಾರ ಕೂತು, ಆ ದಿನಗಳೆಲ್ಲ ಬರೀ ಹತ್ತು ಗಂಟೆಯಾಗಿ, ಪ್ರಪಂಚದಲ್ಲಿ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ನಗುನಗುತ್ತ ಬಾಳಿದ ಗಂಡಹೆಂಡಿರಾಗಿ ಉಳಿಯುತ್ತಿದ್ದರು. ಆರಾಧ್ಯರಿಗೆ ಅದು ಬೇಕು ಅನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಂದು ಕ್ಷಣ ಹೂಂ ಎಂಬುದು ನಾಲಗೆಯ ತುದಿಗೆ ಬಂದಿತ್ತು.

"ಬೇಡಮ್ಮ," ಎಂದರು. "ಅದು ಬರೆದಿರೋದು ಸರಿಯಾಗೇ ಇದೆ. ದೋಷ ಅಂತ ಹಾಕಿದ್ದನ್ನ ಹೊಡೆದುಹಾಕು. ಧ್ವನಿಯನ್ನೂ ಅಳಿಸಬೇಡ."

"ಸರಿಯಾಗಿದ್ಯಾ? ಅತ್ತಾಯ್ತು ಅಂತಿದೆ ಸರ್. ಹತ್ತು ಅಂದ್ರೆ ಗಂಟೆನಾ ತಟ್ಟೆನಾ? ಅಂಕಿಗಳೆಲ್ಲ ಪಟ್ಟೀಲಿ ಸೇರ್ಬೇಕು."

"ಅದು ಸಂಖ್ಯೆ ಅಲ್ಲಮ್ಮ."

"ಮತ್ತೇನು ಸರ್?"

ಹುಳುಮನೆಯ ಸೋನೆ ಗೋಡೆಯಾಚೆ ಕೇಳುತ್ತಿತ್ತು. ಆರಾಧ್ಯರು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದರು. ಹೇಳಬೇಕಾದವರಿಗೆ ಹೇಳುವ ಕಾಲ ಮೀರಿತ್ತು, ಕೇಳಿದವರಿಗಾದರೂ ಹೇಳಬೇಕು.

"ನಮ್ಮನೆಯವಳು ಅತ್ತಿದ್ದು," ಎಂದರು.

ಫೌಜಿಯಾಳ ದನಿ ತಗ್ಗಿತು. "ಹದಿನೇಳು ಸಲಾನಾ ಸರ್?"

"ಬಾಯಿಬಿಟ್ಟು ಹೇಳಿದ್ದು ಹದಿನೇಳು."

"ಧ್ವನಿ ಉಳಿಸ್ಕೋಬೇಕು ಅಂದ್ರೆ ಕಾರಣ ಹಾಕ್ಬೇಕು ಸರ್, ಖಾಲಿ ಬಿಟ್ರೆ ಕಂಪ್ಯೂಟರು ತಗೊಳ್ಳಲ್ಲ. ಮನೆ ವಿಷಯ. ನಾನೇ ಏನಾದ್ರೂ ಸಾಮಾನ್ಯವಾಗಿ ಬರ್ದ್ಬಿಡ್ಲಾ?"

"ಬೇಡ. ನಾನು ಹೇಳ್ತೀನಿ, ಬರ್ಕೊ," ಎಂದರು ಆರಾಧ್ಯರು. "ಗಂಡ ನಗ್ತಾ ಇದ್ದ ಅಂತ ಬರಿ."

ಆ ಕಡೆಯಿಂದ ಕೀಲಿ ಒತ್ತುವ ಸದ್ದು ಬರಲಿಲ್ಲ.

"ಬರೀಮ್ಮ," ಎಂದರು ಇನ್ನೊಂದು ಸಲ.